ಬೇಳೆ ಬೇಯಿಸಲೊಂದು ಅನುದಾನ

ಜಗಳೂರಿನಲ್ಲಿರುವ ನನ್ನ ನಾದಿನಿಯ ಮನೆಯಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಕುಕ್ಕರ್ ಎಷ್ಟು ಕೂಗಿದರೂ ಬೇಳೆ ಬಿಡಿಬಿಡಿಯಾಗಿ ಸಾರಿನ ತಳದಲ್ಲಿ ಕೂತಿರುತ್ತದೆ. ಅವಳ ಅತ್ತೆ ಅದನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸರಿಸಿ, ಸೊಸೆಯ ಕಡೆ ನೋಡದೆಯೇ ಊಟ ಮುಗಿಸುತ್ತಾರೆ. ಅದೇ ನಾದಿನಿ ಚನ್ನಗಿರಿಗೆ ಬಂದು ನಮ್ಮ ಒಲೆಯ ಮೇಲೆ ಇಟ್ಟರೆ ಬೇಳೆ ಬೆಣ್ಣೆಯಾಗುತ್ತದೆ. ಹೊನ್ನಾಳಿಯ ನನ್ನ ತವರಿನಲ್ಲಂತೂ ಹೊಳೆ ನೀರು. ಅಲ್ಲಿ ಬೇಳೆ ಕುಕ್ಕರಿನ ಮುಚ್ಚಳ ಕಂಡರೇ ಕರಗುತ್ತದೆಂದು ನಾನು ಜಂಬ ಕೊಚ್ಚುವುದುಂಟು.

ಬಿಎಸ್ಸಿ ಕೊನೆಯ ವರ್ಷದಲ್ಲಿರುವ ಮಗಳು ಇದನ್ನೇ ಪ್ರಾಜೆಕ್ಟ್ ಮಾಡುತ್ತೇನೆಂದಳು. ನೀರಿನ ಗಡಸುತನಕ್ಕೂ ಬೇಳೆಯ ಹಟಕ್ಕೂ ಏನು ಸಂಬಂಧ ಎಂದು ನೋಡಬೇಕಂತೆ. ಕಾಲೇಜಿನ ಮೇಷ್ಟ್ರಿಗೆ ವಿಷಯ ಹಿಡಿಸಿತು. ಆದರೆ ನೀರು ಪರೀಕ್ಷಿಸುವ ಕಿಟ್ಟಿಗಾಗಲಿ ಓಡಾಟಕ್ಕಾಗಲಿ ಕಾಲೇಜಿನಲ್ಲಿ ಹಣವಿಲ್ಲ, ಎಲ್ಲಿಂದಾದರೂ ಅನುದಾನ ಹುಡುಕಿಕೋ, ಸಿಗದಿದ್ದರೆ ಹೋದ ವರ್ಷದವರು ಮಾಡಿದ್ದನ್ನೇ ಸ್ವಲ್ಪ ತಿದ್ದಿ ಬರೆದುಬಿಡು ಎಂದರಂತೆ. ಆ ಕೊನೆಯ ಮಾತು ಅವಳಿಗೆ ಚುಚ್ಚಿತು.

ಸೀರೆಗೆಂದು ತೆಗೆದಿಟ್ಟದ್ದಿದೆ, ನಾನೇ ಕೊಡುತ್ತೇನೆ ಎಂದೆ. ಅವಳು ಒಪ್ಪಲಿಲ್ಲ.

“ನೀನು ನಾನು ಏನು ಕೇಳಿದ್ರೂ ಕೊಡ್ತೀಯಮ್ಮ. ಇದು ಕೇಳಾಕೆ ಯೋಗ್ಯವಾದ ಪ್ರಶ್ನೆ ಅಂತ ಹೊರಗಿನೋರು ಒಬ್ರಾದ್ರೂ ಒಪ್ಪಬೇಕು.”

ನ್ಯಾಮತಿಯಲ್ಲಿ ಬೇಳೆಕಾಳಿನ ವ್ಯಾಪಾರ ಮಾಡುವ ಸಾಹೇಬರೊಬ್ಬರು ನನ್ನ ಗಂಡನಿಗೆ ಪರಿಚಯ. ಮೊದಲು ಅವರ ಅಂಗಡಿಗೆ ಹೋದೆವು. ನಮ್ಮನ್ನು ಮೂಟೆಗಳ ಮೇಲೆ ಕೂರಿಸಿ, ಏಲಕ್ಕಿ ಹಾಕಿದ ಚಹಾ ತರಿಸಿ, ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಕೇಳಿಸಿಕೊಂಡರು. ದುಡ್ಡು ಕೊಡಲು ಏನೂ ಅಡ್ಡಿಯಿಲ್ಲ, ಕೊನೆಯಲ್ಲಿ ತಮ್ಮ ಅಂಗಡಿಯ ಬೇಳೆ ಎಲ್ಲ ನೀರಿನಲ್ಲೂ ಬೇಯುತ್ತದೆಂದು ಒಂದು ಸಾಲು ಬರೆದರೆ ಸಾಕು ಎಂದರು.

“ಬೇಯದಿದ್ರೆ?” ಎಂದಳು ಮಗಳು.

“ಆಗ ನೀರಿನ ತಪ್ಪು ಐತೆ ಅಂತ ಬರಿ ಬೇಟಾ.”

ಚಹಾ ಕುಡಿದು ಎದ್ದೆವು. ಉತ್ತರ ಮೊದಲೇ ಕಟ್ಟಿಕೊಟ್ಟ ಮೇಲೆ ಪರೀಕ್ಷೆ ಯಾಕೆ ಎಂದು ಅವಳು ಬಸ್ಸಿನುದ್ದಕ್ಕೂ ಗೊಣಗಿದಳು. ಸಾಹೇಬರ ಹತ್ತಿರ ನಿಮ್ಮ ಬೇಳೆ ಬೇಯಲಿಲ್ಲ ಅನ್ನಿ ಎಂದು ನನ್ನ ಗಂಡ ನಕ್ಕರು. ಅವತ್ತಿನ ಮಟ್ಟಿಗೆ ಆ ಮಾತು ನಮಗೆ ಅಷ್ಟು ರುಚಿಸಲಿಲ್ಲ.

ಆಮೇಲೆ ಮೇಷ್ಟ್ರೇ ದಾವಣಗೆರೆಯ ಒಂದು ಟ್ರಸ್ಟಿನ ವಿಳಾಸ ಕೊಟ್ಟರು. ಡಿಗ್ರಿ ಮಕ್ಕಳ ಪ್ರಾಜೆಕ್ಟುಗಳಿಗೆ ಅಲ್ಲಿ ಸಣ್ಣ ಮೊತ್ತ ಕೊಡುತ್ತಾರಂತೆ. ಅರ್ಜಿ ಇಂಗ್ಲಿಷಿನಲ್ಲಿದ್ದರೆ ತೂಕ ಎಂದು ತೀರ್ಮಾನಿಸಿದವಳು ನಾನು. ಮಗಳು ಓದಿದ್ದು ಕನ್ನಡ ಮಾಧ್ಯಮ, ನಾನು ಕಾನ್ವೆಂಟು. ಪೆನ್ನು ಹಿಡಿದು ಕೂತೆ.

ಕಾನ್ವೆಂಟಿನ ಸಿಸ್ಟರುಗಳು ನಮ್ಮಿಂದ ಬರೆಸಿದಷ್ಟು ರಜಾ ಅರ್ಜಿಗಳನ್ನು ಯಾವ ಕಚೇರಿಯೂ ಕಂಡಿರಲಾರದು. ಕೈ ತಾನಾಗಿಯೇ ಓಡಿತು: ‘ವಿತ್ ಡ್ಯೂ ರೆಸ್ಪೆಕ್ಟ್, ಆಸ್ ದಿ ದಾಲ್ ಈಸ್ ನಾಟ್ ಕೀಪಿಂಗ್ ವೆಲ್ ಇನ್ ಮೈ ಆಂಟ್ಸ್ ಹೌಸ್, ಕೈಂಡ್ಲಿ ಗ್ರಾಂಟ್ ಮಿ...’ ಗ್ರಾಂಟ್ ಎಂಬ ಶಬ್ದ ಎಷ್ಟು ಸರಿಯಾಗಿ ಬಂದು ಕೂತಿತೆಂದು ನನಗೇ ಹೆಮ್ಮೆಯಾಯಿತು. ಕೊನೆಗೆ ‘ಯುವರ್ ಒಬೀಡಿಯಂಟ್ ಸ್ಟೂಡೆಂಟ್’ ಎಂದೂ ಸೇರಿಸಿದೆ. ಮಗಳು ನನ್ನ ಇಂಗ್ಲಿಷಿನ ಮೇಲೆ ಭಾರ ಹಾಕಿ ಸಹಿ ಮಾಡಿದಳು.

ಟ್ರಸ್ಟಿನಿಂದ ಒಬ್ಬ ಹೆಂಗಸು ಫೋನ್ ಮಾಡಿದರು. ಮಗಳು ನನಗೂ ಕೇಳಲೆಂದು ಸ್ಪೀಕರ್ ಹಾಕಿದ್ದಳು.

“ನಿಮ್ಮ ಮನೇಲಿ ಯಾರಿಗಮ್ಮ ಹುಷಾರಿಲ್ಲ?”

ಮಗಳು ನನ್ನ ಮುಖ ನೋಡಿದಳು. ನಾನು ಕೊತ್ತಂಬರಿ ಸೋಸುವುದರಲ್ಲಿ ಮುಳುಗಿದೆ.

“ಎಲ್ಲರೂ ಚೆನ್ನಾಗದಾರೆ ಮೇಡಂ. ಬೇಳೆ ಬೇಯಾಕಿಲ್ಲ, ಅಷ್ಟೇ.”

ಇನ್ನೇನು ಫೋನ್ ಇಟ್ಟೇಬಿಡುತ್ತಾರೆಂದುಕೊಂಡೆ. ಮಗಳಿಗೂ ಹಾಗೆಯೇ ಅನ್ನಿಸಿರಬೇಕು, ಉಸಿರು ಬಿಡದೆ ಹೇಳತೊಡಗಿದಳು: ಜಗಳೂರಿನ ಸೋದರತ್ತೆಯ ಸಾರು, ಕೊಳವೆಬಾವಿಯ ನೀರು, ಪಾತ್ರೆಗೆ ಹಿಡಿಯುವ ಬಿಳಿ ಪೊರೆ, ಹೊನ್ನಾಳಿಯ ಹೊಳೆ. ಹಳೆಯ ಬೇಳೆಯೂ ಬೇಯುವುದಿಲ್ಲವಲ್ಲ, ತಪ್ಪು ನೀರಿನದೇ ಎಂದು ಹೇಗೆ ಹೇಳುತ್ತೀ ಎಂದು ಆ ಮೇಡಂ ಅಡ್ಡ ಹಾಕಿದರು. ಒಂದೇ ಚೀಲದ ಬೇಳೆ, ಒಂದೇ ಕುಕ್ಕರು, ಗಡಿಯಾರ ನೋಡಿ ಎರಡು ನೀರಿಗೂ ಅಷ್ಟೇ ನಿಮಿಷದ ಉರಿ. ಹೊನ್ನಾಳಿ ನೀರನ್ನು ಜಗಳೂರಿಗೆ ಹೊತ್ತು ಅಲ್ಲಿ ಬೇಯಿಸುವುದು, ಜಗಳೂರಿನದನ್ನು ಹೊನ್ನಾಳಿಗೆ ಒಯ್ದು ಬೇಯಿಸುವುದು ಎಂದಳು ಮಗಳು. ನನಗೆ ಇದೆಲ್ಲ ಹೊಸದು. ನಾನು ಒಬೀಡಿಯಂಟ್ ಎಂಬುದರ ಸ್ಪೆಲ್ಲಿಂಗ್ ನೋಡುತ್ತಿದ್ದಾಗ ಅವಳು ಇಷ್ಟೆಲ್ಲ ಯೋಚಿಸಿದ್ದಳು.

“ಈಗ ಹೇಳಿದ್ಯಲ್ಲ, ಇದನ್ನೇ ಕನ್ನಡದಾಗೆ ಬರ್ದು ಕಳ್ಸು,” ಎಂದರು ಮೇಡಂ. “ಆ ರಜಾ ಅರ್ಜಿ ನಾವು ಇಟ್ಕೊಂತೀವಿ. ಆಫೀಸಿನಾಗೆ ಎಲ್ಲರೂ ಓದ್ಯಾರೆ.”

ಅನುದಾನ ಬಂತು. ಕಿಟ್ಟಿಗೆ ಒಪ್ಪಿಗೆ, ಬಸ್ಸಿಗೆ ಒಪ್ಪಿಗೆ. ತೊಗರಿಬೇಳೆಯನ್ನು ಮಾತ್ರ ಊಟೋಪಚಾರದ ಖರ್ಚಿಗೆ ಅವಕಾಶವಿಲ್ಲವೆಂದು ಯಾರೋ ಹೊಡೆದುಹಾಕಿದ್ದರು. ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ಮುಗಿದ ಮೇಲೆ ಮಗಳು ಅಡುಗೆಮನೆಗೆ ಬಂದು ಚೀಲ ಒಡ್ಡಿದಳು.

“ಈಗ ಕೊಡಮ್ಮ. ಬೇಳೆ ನಿಂದೇ ಇರಲಿ.”

ಸೀರೆಯ ದುಡ್ಡಿನಲ್ಲಿ ಹೊಸ ಬೇಳೆ ತಂದು ಕೊಟ್ಟೆ.

ಅವಳು ಕ್ಯಾನುಗಳಲ್ಲಿ ಹೊಳೆ ನೀರು ತುಂಬಿಸಿಕೊಂಡು ಜಗಳೂರಿಗೆ ಹೋದಳು. ದಾವಣಗೆರೆಯವರು ಕಾಸು ಕೊಟ್ಟು ಕಳಿಸಿದ್ದಾರೆಂದು ತಿಳಿದದ್ದೇ, ನಾದಿನಿಯ ಅತ್ತೆ ಕುರ್ಚಿ ಎಳೆಸಿಕೊಂಡು ಒಲೆಯ ಪಕ್ಕ ಕೂತರಂತೆ. ಯಾವ ಕ್ಯಾನಿನ ನೀರು ಯಾವುದಕ್ಕೆ ಎಂದು ಕೇಳಿ ತಿಳಿದುಕೊಂಡು, ಅದಲುಬದಲಾಗದ ಹಾಗೆ ಹೊನ್ನಾಳಿಯ ಕ್ಯಾನಿಗೆ ತಾವೇ ಒಂದು ದಾರ ಕಟ್ಟಿದರಂತೆ. ಕುಕ್ಕರ್ ಕೂಗಿತು. ನಾದಿನಿ ಅಭ್ಯಾಸಬಲದಿಂದ ಉರಿ ಆರಿಸಲು ಕೈ ಚಾಚಿದಳು. ಅತ್ತೆ ತಡೆದರು.

“ಸುಮ್ನಿರು. ಇನ್ನೂ ಟೈಮ್ ಆಗಿಲ್ಲ.”