ಕೆಂಪು ಚಮಚಕ್ಕೆ ನೀಲಿ ಅರಗು

ಚನ್ನಪಟ್ಟಣದ ಈ ಓಣಿಗೆ ಹಾಲಿನ ಗಾಡಿ ಇನ್ನೂ ಬಂದಿಲ್ಲ. ಕೆಹಕಶಾನ್ ದುಪಟ್ಟಾದ ತುದಿಯನ್ನು ಸೊಂಟಕ್ಕೆ ಬಿಗಿದು ಲೇತ್‌ನ ಸ್ವಿಚ್ ಒತ್ತುತ್ತಾರೆ. ಹಾಲೆ ಮರದ ತುಂಡು ಗಿರ್ರನೆ ತಿರುಗುತ್ತದೆ, ಉಳಿ ತಾಗಿದಲ್ಲೆಲ್ಲ ಬಿಳಿ ಸಿಪ್ಪೆ ಸುರುಳಿಯಾಗಿ ಉದುರುತ್ತದೆ. ನೋಡನೋಡುತ್ತ ಒಂದು ಬುಗುರಿ ಹುಟ್ಟುತ್ತದೆ. ತಿರುಗುವ ಬುಗುರಿಗೆ ನೀಲಿ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿ ಹಿಡಿದು ಹೊಳಪು ಕೊಡುತ್ತ ಅವರು ಬುಗುರಿಗೇ ಹೇಳುವಂತೆ ಹೇಳುತ್ತಾರೆ: "ಡೇರ್ ಕ್ರೈಜೆಲ್."

ಮುಂದಿನದು ಕೆಂಪು ಗಿಲಕಿ. "ಡೀ ರಾಸೆಲ್." ಅದರ ಮುಂದಿನದು ಹಸಿರು ಕುದುರೆ. "ದಾಸ್ ಫೇರ್ಡ್." ಹಸಿರು ಕುದುರೆಯನ್ನು ಎಲ್ಲಿ ಕಂಡಿರಿ ಎಂದು ನಾನು ಕೇಳಿದರೆ ನಗುತ್ತಾರೆ. "ಜರ್ಮನೀಲಿ ಸಾರ್. ಇನ್ನೂ ನೋಡಿಲ್ಲ, ನೋಡ್ಬೇಕು."

ನಲವತ್ತು ದಾಟಿದ ಕೆಹಕಶಾನ್ ಜರ್ಮನ್ ಕಲಿಯುತ್ತಿದ್ದಾರೆ. ಶಾಲೆ ಬಿಟ್ಟು ಮೂವತ್ತು ವರ್ಷವಾದ ಮೇಲೆ ಹಿಡಿದ ಈ ಭಾಷೆಯಲ್ಲಿ ಪ್ರತಿ ವಸ್ತುವಿನ ಹೆಸರಿಗೂ ಮುಂದೊಂದು ಬಾಲ. ಗಂಡಾದರೆ ಡೇರ್, ಹೆಣ್ಣಾದರೆ ಡೀ, ಎರಡೂ ಅಲ್ಲದಿದ್ದರೆ ದಾಸ್. ಯಾವುದಕ್ಕೆ ಯಾವುದು ಎಂಬುದಕ್ಕೆ ನೆಚ್ಚಬಹುದಾದ ನಿಯಮವಿಲ್ಲ. ಕಲಿಯುವವರಿಗೆ ಇದು ಕಬ್ಬಿಣದ ಕಡಲೆ.

"ನಮ್ಮ ಮನೆ ಮಾತು ಉರ್ದೂಲೂ ಸಾಮಾನಿಗೆ ಗಂಡು ಹೆಣ್ಣು ಐತೆ. ಸಲೀಸಾಯ್ತದೆ ಅನ್ಕೊಂಡಿದ್ದೆ. ನಮ್ಮಲ್ಲಿ ಬಾಗಿಲು ಗಂಡು, ಕುರ್ಚಿ ಹೆಣ್ಣು. ಅಲ್ಲೋಗಿ ನೋಡಿದ್ರೆ ಬಾಗಿಲು ಹೆಣ್ಣಾಗಿ ನಿಂತೈತೆ, ಕುರ್ಚಿ ಗಂಡಾಗಿ ಕುಂತೈತೆ. ಇದಕ್ಕಿಂತ ಕನ್ನಡಾನೇ ವಾಸಿ, ಎಲ್ಲಾನೂ 'ಅದು' ಅಂದ್ಬುಟ್ರೆ ಮುಗೀತು!" ರಾಮನಗರದ ರೇಷ್ಮೆ ನೂಲು ಘಟಕಕ್ಕೆ ಹೊರಟ ಗಂಡ ರಸೂಲ್ ಬಾಗಿಲಲ್ಲಿ ನಿಂತು, "ನನ್ನ ಊಟದ ಡಬ್ಬಿ ಗಂಡೋ ಹೆಣ್ಣೋ?" ಎಂದು ಕೆಣಕುತ್ತಾರೆ. "ಸಂಜೆ ತೊಳ್ಕೊಂಡು ತನ್ನಿ, ಹೇಳ್ತೀನಿ" ಎಂಬ ಉತ್ತರ ಲೇತ್‌ನ ಸದ್ದಿನ ನಡುವೆಯೇ ಹೋಗುತ್ತದೆ.

ಈ ಹಟಕ್ಕೆ ಕಾರಣವಿದೆ. ಜರ್ಮನಿಯ ಒಂದು ಸಣ್ಣ ಊರಿನ ಮರಗೆಲಸದ ಶಾಲೆ ಬೇರೆ ದೇಶದ ಗೊಂಬೆ ಕೆಲಸಗಾರರನ್ನು ತಿಂಗಳ ಮಟ್ಟಿಗೆ ಕರೆಸಿಕೊಳ್ಳುತ್ತದೆ. ಹೋದ ವರ್ಷ ಇಲ್ಲಿಂದ ಹೋದವರು ಇವರ ಗೊಂಬೆ ಕೊಳ್ಳುವ ಅಂಗಡಿಯ ಮಾಲೀಕ ಮುಜೀಬ್. ಇಂಗ್ಲಿಷ್ ಬಲ್ಲವರು ಎಂಬುದೇ ಅರ್ಹತೆ. ಅಲ್ಲಿ ಮಕ್ಕಳು ಗೊಂಬೆ ಎತ್ತಿ ಹಿಡಿದು "ಇದನ್ನು ಮಾಡಿದ್ದು ಯಾರು?" ಎಂದು ಕೇಳಿದಾಗಲೆಲ್ಲ ಮುಜೀಬ್, "ನಮ್ಮ ಕಡೆಯವರೇ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಹೇಳಿ ಬಂದರು. ಬಂದವರು ಅದನ್ನು ಮುಚ್ಚಿಡಲಿಲ್ಲ. "ಹೆಸರು ಹೇಳ್ಬೇಕಿತ್ತು ಕಣಕ್ಕ, ಬಾಯಿಗೆ ಬರ್ಲಿಲ್ಲ. ಈ ಸಲ ನೀನೇ ಹೋಗು" ಎಂದು ಅವರೇ ಹುರಿದುಂಬಿಸಿದರು.

ಆ ಮಾತು ಕೆಹಕಶಾನ್‌ಗೆ ನಾಟಿದೆ. ಈ ಕಸುಬಿನಲ್ಲಿ ಗೊಂಬೆಗೆ ಊರಿನ ಹೆಸರಿದೆ, ಅಂಗಡಿಯ ಹೆಸರಿದೆ, ಕೈಯ ಹೆಸರಿಲ್ಲ. ಅಪ್ಪ ಮೆಹಬೂಬ್ ಸಾಹೇಬರು ಕೈ ನಡುಗುವವರೆಗೂ ಉಳಿ ಹಿಡಿದರು, ಯಾರೂ ಅವರ ಹೆಸರು ಕೇಳಲಿಲ್ಲ. ಮಗಳು ಲೇತ್ ಮುಂದೆ ಕೂತಾಗ ಓಣಿಯವರು, ಹೆಂಗಸರು ಗೊಂಬೆಗೆ ಕಣ್ಣು ಬರೆದರೆ ಸಾಲದೇ ಎಂದರು. ಹಗಲೆಲ್ಲ ಬಾಗಿ ಬಾಗಿ ಈಗ ಕೆಹಕಶಾನ್‌ಗೆ ಬಲಭುಜ ಎತ್ತಲಾಗುವುದಿಲ್ಲ, ಮರದ ಪುಡಿಗೆ ಕೆಮ್ಮು ಬೇರೆ. ಆದರೂ ದಿನಕ್ಕೆ ನೂರಕ್ಕೆ ಕಡಿಮೆಯಿಲ್ಲದಷ್ಟು ಸಾಮಾನು ಇಳಿಯುತ್ತದೆ.

ಈ ಸಲ ಶಾಲೆಯವರು ಷರತ್ತು ಬದಲಿಸಿದ್ದಾರೆ. ಲೇತ್ ಮುಂದೆ ಕೂರುವವರೇ ಬರಬೇಕು. ಮಕ್ಕಳ ಜೊತೆ ಒಂದಿಷ್ಟು ಜರ್ಮನ್ ಆಡಬೇಕು. ಅದಕ್ಕೂ ಮೊದಲು ಫೋನಿನ ವಿಡಿಯೋದಲ್ಲಿ ಅವರೊಂದಿಗೆ ಮಾತಾಡಿ ತೋರಿಸಬೇಕು, ನಡುವೆ ದುಭಾಷಿ ಇರಕೂಡದು.

ಕಲಿಸಲು ಒಪ್ಪಿದವರು ಕೂಟಗಲ್ ಕಡೆಯ ರೈತರ ಮಗಳು ಲತಾಮಣಿ. ಬಿಡದಿಯ ಕಾರ್ಖಾನೆಯೊಂದರಲ್ಲಿ ಜರ್ಮನ್ ಎಂಜಿನಿಯರುಗಳ ಜೊತೆ ದುಡಿಯುತ್ತ ಭಾಷೆ ಕಲಿತವರು, ಭಾನುವಾರ ಇಲ್ಲಿ ಜರ್ಮನಿಗೆ ಹೊರಟ ನರ್ಸಿಂಗ್ ಹುಡುಗಿಯರಿಗೆ ಪಾಠ ಹೇಳುತ್ತಾರೆ. ಬಣ್ಣದ ಉಪಾಯ ಅವರದೇ. "ಅಕ್ಕನಿಗೆ ಪುಸ್ತಕ ಕೊಟ್ರೆ ಕಣ್ಣು ಎಳೀತಿತ್ತು. ಅರಗು ಕೈಲಿದ್ರೆ ಎಚ್ಚರವಾಗಿರ್ತಾರಲ್ಲ, ಅದಕ್ಕೆ ಡೇರ್‌ಗೆ ನೀಲಿ, ಡೀಗೆ ಕೆಂಪು, ದಾಸ್‌ಗೆ ಹಸಿರು ಬಳ್ಕೊಳ್ಳಿ ಅಂದೆ" ಎನ್ನುತ್ತಾರೆ ಲತಾಮಣಿ. ತಾನು ಮಾಡಿದ ಗೊಂಬೆಯ ಬಣ್ಣವನ್ನು ಕೆಹಕಶಾನ್ ಮರೆಯುವವರಲ್ಲ. ಬಣ್ಣ ನೆನಪಾದರೆ ಡೇರ್, ಡೀ ತಾನಾಗಿ ಬಾಯಿಗೆ ಬರುತ್ತದೆ.

ಆದರೆ ಬಣ್ಣವೇ ಕೈ ಕೊಟ್ಟಿತು. ಲತಾಮಣಿ ತಾಯಿಯ ಆರೈಕೆಗೆಂದು ಊರಿಗೆ ಹೋಗಿದ್ದ ದಿನಗಳಲ್ಲಿ ಕೆಹಕಶಾನ್ ಅಡುಗೆ ಆಟಿಕೆಯ ಪಾಠವನ್ನು ಒಬ್ಬರೇ ಮಾಡಿದರು. ಜರ್ಮನ್‌ನಲ್ಲಿ ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ಎರಡೂ ಅಲ್ಲ. ಮೂರಕ್ಕೂ ಮೂರು ಬಣ್ಣ ಬೇಕಿತ್ತು. ಚನ್ನಪಟ್ಟಣದ ಕೈ ಒಪ್ಪಬೇಕಲ್ಲ! ಇಲ್ಲಿ ಒಂದು ಸೆಟ್ ಎಂದರೆ ಒಂದೇ ಬಣ್ಣ, ಒಂದು ಬೇರೆಯಾದರೂ ಅಂಗಡಿಯಿಂದ ಸೆಟ್ಟೇ ವಾಪಸು. ಚಿಕ್ಕಂದಿನಿಂದ ಹತ್ತಿದ ರೂಢಿಯಲ್ಲಿ ಮೂರೂ ಹಿಡಿಗಳು ಕೆಂಪರಗು ಹತ್ತಿಸಿಕೊಂಡೇ ಲೇತ್‌ನಿಂದ ಇಳಿದವು. ಅವನ್ನು ಎದುರಿಗಿಟ್ಟುಕೊಂಡು ಅವರು ಬಣ್ಣವನ್ನೇ ನಂಬಿ ಶ್ರದ್ಧೆಯಿಂದ ಮೂರಕ್ಕೂ ಡೀ, ಡೀ, ಡೀ ಎಂದು ಗಟ್ಟಿ ಮಾಡಿದರು.

ಹೋದ ತಿಂಗಳು ವಿಡಿಯೋ ಮಾತುಕತೆ ನಡೆಯಿತು. ಊರಿಂದ ಆಗಷ್ಟೇ ಮರಳಿದ್ದ ಲತಾಮಣಿ ಬಾಯಿ ಬಿಗಿಹಿಡಿದು ಮೂಲೆಯಲ್ಲಿ ಕೂತಿದ್ದರು. ಬುಗುರಿ, ಗಿಲಕಿ, ಕುದುರೆ ಸುಸೂತ್ರವಾಗಿ ದಾಟಿದವು. ಆಮೇಲೆ ಕೆಹಕಶಾನ್ ಚಮಚ ಎತ್ತಿ "ಡೀ ಲ್ಯೋಫೆಲ್" ಎಂದರು. ಆ ಕಡೆಯಿಂದ ಶಾಲೆಯ ಮೇಡಂ ಮೆಲ್ಲಗೆ "ಡೇರ್ ಲ್ಯೋಫೆಲ್" ಎಂದು ತಿದ್ದಿದರು.

"ಒಂದು ತಪ್ಪಾಗಿದ್ರೆ ಸೆಟ್ಟೇ ತಪ್ಪಾಗಿರ್ತದೆ ಅಂತ ಆಗ್ಲೇ ತಿಳೀತು. 'ನಮ್ಮಲ್ಲಿ ಸೆಟ್ ಅಂದ್ರೆ ಒಂದೇ ಬಣ್ಣ' ಅಂತ ಹೇಳಕ್ಕೆ ಮಾತು ಬೇಕಲ್ಲ, ನನ್ನತ್ರ ಎಲ್ಲಿತ್ತು? ಮುಗೀತು, ಮನೇಲಿ ಕೂತ್ಕೊ ಅನ್ನಿಸ್ಬುಡ್ತು."

ಅವರು ಕೂರಲಿಲ್ಲ. ಫೋನನ್ನು ಲೇತ್ ಕಡೆ ತಿರುಗಿಸಿ ಒರಗಿಸಿದರು. ಚಮಚದ ತಲೆ ಕಳಚಿ ಹಿಡಿಯನ್ನು ಲೇತ್‌ಗೆ ಸಿಕ್ಕಿಸಿದರು. ಉಳಿಯ ಮೊನೆಯಲ್ಲಿ ಕೆಂಪರಗನ್ನು ಹೆರೆದು ತೆಗೆದಾಗ ಒಳಗಿನ ಬಿಳಿ ಮರ ಕಂಡಿತು. ಅದಕ್ಕೆ ನೀಲಿ ಕಡ್ಡಿ ಒತ್ತಿ, ಗರಿಯಿಂದ ಮಿರುಗು ಕೊಟ್ಟು, ತಲೆ ಕೂರಿಸಿ ಮತ್ತೆ ಎತ್ತಿ ತೋರಿಸಿದರು. "ಯೆಟ್ಸ್ಟ್, ಡೇರ್ ಲ್ಯೋಫೆಲ್." ಯೆಟ್ಸ್ಟ್ ಎಂದರೆ ಈಗ. ಆಮೇಲೆ ಚಾಕುವಿಗೆ ಕೈ ಹಾಕಿ, ಇದಕ್ಕೇನು ಎಂದು ಹುಬ್ಬಿನಲ್ಲೇ ಕೇಳಿದರು. ಅಷ್ಟು ಹೊತ್ತಿಗೆ ಪರದೆಯಲ್ಲಿ ಒಂದು ಮುಖವಿದ್ದಲ್ಲಿ ಐದಾರು ಮುಖಗಳು ಇಣುಕುತ್ತಿದ್ದವು. ಅಷ್ಟೂ ಜನ ಒಟ್ಟಿಗೆ "ದಾಸ್!" ಎಂದು ಕೂಗಿದರು. ಚಾಕು ಹಸಿರಾಯಿತು.

ಕೊನೆಗೆ ಮೇಡಂ ಕೇಳಿದ್ದು ಹಿಂದಿನ ವರ್ಷ ಮಕ್ಕಳು ಮುಜೀಬರನ್ನು ಕೇಳಿದ್ದ ಅದೇ ಪ್ರಶ್ನೆ. ಈ ಸೆಟ್ ಪೂರ್ತಿ ಮಾಡಿದ್ದು ಯಾರು? ಅದಕ್ಕೆಂದೇ ಕಲಿತಿಟ್ಟಿದ್ದ ಉದ್ದನೆಯ ವಾಕ್ಯ ಕೆಹಕಶಾನ್‌ಗೆ ಮರೆತೇ ಹೋಗಿತ್ತು. ಅರಗು ಮೆತ್ತಿದ ಅಂಗೈಯನ್ನು ಎದೆಯ ಮೇಲಿಟ್ಟು "ಇಶ್. ಕೆಹಕಶಾನ್" ಎಂದರು. ನಾನು, ಕೆಹಕಶಾನ್. ಮೂಲೆಯಲ್ಲಿದ್ದ ಲತಾಮಣಿ ಅತ್ತುಬಿಟ್ಟರಂತೆ.

ಶಾಲೆಯಿಂದ ಉತ್ತರ ಇನ್ನೂ ಬಂದಿಲ್ಲ. ಕೆಹಕಶಾನ್ ಮೂರು ಬಣ್ಣದ ಹೊಸ ಸೆಟ್ ಒಂದನ್ನು ಅಂಗಡಿಗೂ ಕಳಿಸಿದ್ದರು. ಮುಜೀಬರ ಹುರುಪೇನೋ ದೊಡ್ಡದು, ಆದರೆ ವ್ಯಾಪಾರ ವ್ಯಾಪಾರವೇ. "ಸೆಟ್ ಕಲಸಿಹೋಗೈತೆ" ಎಂದು ವಾಪಸು ಕಳಿಸಿದರು. ಅದೀಗ ಲೇತ್‌ನ ಮೇಲಿನ ಗೂಡಿನಲ್ಲಿದೆ. ಶಾಲೆಯವರು ಕರೆಯದೇ ಹೋದರೆ ಎಂದು ನಾನು ಅಳುಕುತ್ತಲೇ ಕೇಳುತ್ತೇನೆ.

ಕೆಹಕಶಾನ್ ಇನ್ನೊಂದು ತುಂಡು ಮರವನ್ನು ಲೇತ್‌ಗೆ ಸಿಕ್ಕಿಸುತ್ತಾರೆ. "ಕರದ್ರೆ ಒಸಿ ದಿನ ಹೋಗಿ ಬತ್ತೀನಿ. ಕರೀದಿದ್ರೂ ಏನಂತೆ ಸಾರ್? ಯಾರು ಮಾಡಿದ್ದು ಅಂತ ಅವರು ಕೇಳಿದ್ರು, ನಾನು ಅಂತ ನಾನೇ ಹೇಳ್ದೆ. ಸೆಟ್ ಬೇಕಾದ್ರೆ ವಾಪಸ್ ಬರ್ಲಿ. ಆ ಮಾತು ವಾಪಸ್ ಬರಾಕಿಲ್ಲ."