ಪದ್ಮವ್ವ ಆರಿಸಿದ ಕಿಟಕಿಯಿಲ್ಲದ ಕೋಣೆ

ಪದ್ಮವ್ವ ಬಾಗಿಲು ಹಾಕಿಕೊಂಡು ಸ್ನಾನ ಮಾಡಿ ಆರು ವರ್ಷವಾಗಿತ್ತು. ಗೋಕಾಕದ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅವಳ ಜೊತೆ ಬೇರೆ ಯಾರೂ ಇರಲಿಲ್ಲವಾದ್ದರಿಂದ ಈ ಸಂಗತಿ ಯಾರಿಗೂ ತಿಳಿದಿರಲಿಲ್ಲ. ಬಚ್ಚಲಿನ ಬಾಗಿಲಿಗೆ ಒಂದು ಬಕೆಟ್ ಅಡ್ಡವಿಟ್ಟು, ಹೊರಗಿನ ಬೆಳಕು ಕಾಣುವಷ್ಟು ಸಂದು ಬಿಟ್ಟುಕೊಂಡೇ ಅವಳು ಮೈಮೇಲೆ ನೀರು ಹಾಕಿಕೊಳ್ಳುತ್ತಿದ್ದಳು. ಲಿಫ್ಟಿನ ಹತ್ತಿರ ಸುಳಿಯುತ್ತಿರಲಿಲ್ಲ. ಬೇಕಾದಷ್ಟು ಹೊತ್ತಾಗಲಿ, ಮೆಟ್ಟಿಲು ಹತ್ತಿಯೇ ಹೋಗುತ್ತಿದ್ದಳು.

ಅಂಜುಬುರುಕಿ ಎಂದು ಅವಳನ್ನು ಕರೆಯುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಅಂಕಲಗಿಯಲ್ಲಿ ಕೂಲಿಗೆ ಹೋಗುವವರ ಮನೆಯಲ್ಲಿ ಹುಟ್ಟಿ, ಆ ಓಣಿಯಲ್ಲಿ ಮೊದಲು ಬಿಳಿ ಸೀರೆ ಉಟ್ಟು ಸರ್ಕಾರಿ ನರ್ಸ್ ಆದವಳು ಅವಳು. ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳ್ಳಿಗಳಲ್ಲಿ ಮೂವತ್ತಮೂರು ವರ್ಷ ದುಡಿದಳು. ಕರೆಂಟಿಲ್ಲದಾಗ ಮೋಟರ್ ಸೈಕಲ್ಲಿನ ದೀಪದಲ್ಲಿ ಹೆರಿಗೆ ಮಾಡಿಸಿದವಳು, ಕುಡಿದು ಬಂದ ಗಂಡಂದಿರನ್ನು ಹೊರಗೆ ನೂಕಿ ಅಗಳಿ ಹಾಕಿದವಳು. ಮದುವೆಯಾದ ನಾಲ್ಕನೇ ವರ್ಷಕ್ಕೆ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ತಮ್ಮ ಸಿದ್ರಾಮನ ಹೆಂಡತಿ ಕಾಮಾಲೆಯಾಗಿ ಸತ್ತಾಗ ಅವರ ಮಗಳು ಶೀತಲ್‌ಗೆ ಎರಡು ವರ್ಷ. ಆ ಮಗುವನ್ನು ಪದ್ಮವ್ವನೇ ಕರೆತಂದು ಸಾಕಿದಳು.

ಶೀತಲ್ ಬೆಳಗಾವಿಯಲ್ಲಿ ಹೋಟೆಲಿನ ಕೆಲಸ ಕಲಿತು, ಒಂದು ದೊಡ್ಡ ಪ್ರವಾಸಿ ಹಡಗಿಗೆ ಸೇರಿದ್ದಳು. ಯಾತ್ರಿಕರ ಕೋಣೆಗಳನ್ನು ಗುಡಿಸಿ, ಹಾಸಿಗೆ ಹಾಸಿ, ಟವೆಲ್ ಮಡಚಿ ಅದರಲ್ಲೇ ಆನೆ ಮಾಡಿ ಇಡುವುದು ಅವಳ ಕೆಲಸ. ಆ ಆನೆಗಳ ಫೋಟೋಗಳು ಪದ್ಮವ್ವನ ಫೋನಿನ ತುಂಬ ಇದ್ದವು.

ದಸರೆಯ ಮುಂಚೆ ಒಂದು ಸಂಜೆ ಶೀತಲ್ ಫೋನ್ ಮಾಡಿದಳು.

"ಅತ್ತಿ, ನಮ್ಮ ಹಡಗ ಮುಂದಿನ ತಿಂಗಳ ಮುಂಬೈಕ್ಕ ಬರ್ತೈತಿ. ಕಂಪನಿಯವ್ರು ನಮ್ಮ ಮನ್ಯಾಗಿನ ಒಬ್ಬರಿಗೆ ಸವಲತ್ತು ಕೊಡಾಕತ್ತಾರ. ಐದ ದಿನ ಗೋವಾ, ಕೊಚ್ಚಿ ಅಡ್ಡಾಡಿ ತಿರುಗಿ ಮುಂಬೈ. ನೀ ಬಾ. ರೂಮ್ ಯಾವುದು ಬೇಕಂತ ಶುಕ್ರವಾರದೊಳಗ ಆರಿಸಿ ಫಾರ್ಮ್ ತುಂಬಬೇಕು. ದೊಡ್ಡ ಸೂಟ್ ರೂಮ್ ಆದ್ರೂ ನಡೀತೈತಿ."

"ನನಗ್ಯಾಕವ್ವಾ ಹಡಗ? ಬಿ.ಪಿ. ಐತಿ. ನೀನ ರಜಾ ತಗೊಂಡು ಬಾ."

ಆ ಕಡೆಯಿಂದ ಮಾತು ಬರಲಿಲ್ಲ. ಬೇನೆ ಶುರುವಾದರೂ ಏನೂ ಇಲ್ಲ ಎಂದು ಹಲ್ಲು ಕಚ್ಚಿ ಕೂಡುವ ಬಸುರಿಯರನ್ನು ನೂರಾರು ನೋಡಿದವಳು ಪದ್ಮವ್ವ. ಆ ಸುಮ್ಮನಿರುವಿಕೆಯ ಗುರುತು ಅವಳಿಗಿತ್ತು.

"ಏನಾಗೇತಿ ಹೇಳ."

"ಏನಿಲ್ಲ ಅತ್ತಿ. ನಿನ್ನ ನೋಡಬೇಕ ಅನಿಸೇತಿ, ಅಷ್ಟ."

"ಬರ್ತೀನಿ," ಎಂದುಬಿಟ್ಟಳು ಪದ್ಮವ್ವ.

ಮರುದಿನ ಬಸ್ ಸ್ಟ್ಯಾಂಡಿನ ಹತ್ತಿರದ ಕೇದಾರಿಯ ಆನ್‌ಲೈನ್ ಅಂಗಡಿಗೆ ಹೋದಳು. ಪಹಣಿ, ಪಾನ್ ಕಾರ್ಡ್, ರೈಲು ಟಿಕೆಟ್ ಎಲ್ಲವನ್ನೂ ತೆಗೆದುಕೊಡುವ ಕೇದಾರಿಗೆ ಹಡಗಿನ ಕೋಣೆಯ ಫಾರ್ಮ್ ಹೊಸದು. ಖುಷಿಯಿಂದ ಹಡಗಿನ ನಕಾಶೆಯನ್ನು ದೊಡ್ಡ ಹಾಳೆಯ ಮೇಲೆ ಪ್ರಿಂಟ್ ತೆಗೆದು ಅವಳ ಮುಂದೆ ಹರಡಿದ. ಒಂದರ ಪಕ್ಕ ಒಂದು, ಒಂದರ ಪಕ್ಕ ಒಂದು, ಸಾವಿರಕ್ಕೂ ಮಿಕ್ಕಿ ಸಣ್ಣ ಸಣ್ಣ ಮನೆಗಳು.

"ನೋಡ್ರಿ ಅಕ್ಕಾರ, ನಾಕ ನಮೂನಿ ಅದಾವು. ಇದು ಒಳಗಿನ ಕ್ಯಾಬಿನ್. ಕಿಟಕಿ ಇರೂದಿಲ್ಲ. ಲೈಟ್ ಆರಿಸಿದ್ರ ಹಗಲೋ ರಾತ್ರಿಯೋ ಗೊತ್ತಾಗೂದಿಲ್ಲಂತ, ಮಸ್ತ್ ನಿದ್ದಿ."

"ಕಿಟಕಿ ಇದ್ದದ್ದು?"

"ಇದು ಐತ್ರಿ. ಆದ್ರ ತೆರ್ಯಾಕ ಬರೂದಿಲ್ಲ. ದಪ್ಪ ಗ್ಲಾಸು, ಅದರಾಚಿ ನೀರು. ಇದು ಬಾಲ್ಕನಿದು, ಬಾಗಲಾ ತೆಗದ್ರ ಸೀದಾ ಸಮುದ್ರ. ಇನ್ನ ಇದು ಸೂಟ್ರಿ, ದೊಡ್ಡವ್ರದು. ಕೂಡಾಕ ಬ್ಯಾರೆ ಖೋಲಿ, ನೀರ ತುಂಬಿಕೊಂಡ ಮಲಗಾಕ ತೊಟ್ಟಿ..."

ಪದ್ಮವ್ವನಿಗೆ ಮುಂದಿನದು ಕೇಳಲಿಲ್ಲ. ಅಂಗಡಿಯ ಶಟರ್ ಅರ್ಧ ಇಳಿಸಿದ್ದು ಆಗ ಅವಳ ಕಣ್ಣಿಗೆ ಬಿತ್ತು. "ಆಮ್ಯಾಲ ಬರ್ತೀನಿ," ಎಂದು ಹಾಳೆಯನ್ನು ಅಲ್ಲೇ ಬಿಟ್ಟು, ತಲೆ ತಗ್ಗಿಸಿ ಶಟರಿನ ಕೆಳಗಿಂದ ಹೊರಬಿದ್ದು, ರಸ್ತೆಯ ಬಿಸಿಲಿನಲ್ಲಿ ನಿಂತು ಉಸಿರಾಡಿದಳು.

ಕೋಣೆ ಆರಿಸುವುದೆಂದರೆ ಅವಳಿಗೆ ಆಟದ ಮಾತಾಗಿರಲಿಲ್ಲ. ಹಿಂದೊಮ್ಮೆ ಅವಳು ಇಬ್ಬರಿಗಾಗಿ ಒಂದು ಕೋಣೆ ಆರಿಸಿದ್ದಳು.

ಅದು ಎರಡು ಸಾವಿರದ ಹತ್ತೊಂಬತ್ತರ ಆಗಸ್ಟ್. ಹೊಳೆ ದಂಡೆಯ ಹಳ್ಳಿಯೊಂದರ ಆರೋಗ್ಯ ಉಪಕೇಂದ್ರದಲ್ಲಿ ಅವಳೂ ಆಯಾ ಕಾಡವ್ವನೂ ಇದ್ದರು. ಘಟಪ್ರಭೆ ಏರುತ್ತಿದೆ ಎಂದು ಜನ ಗಂಟು ಕಟ್ಟಿಕೊಂಡು ಶಾಲೆಯ ಮಾಳಿಗೆ ಹತ್ತುತ್ತಿದ್ದರು. "ನಾವೂ ಹೋಗೂನ್ರಿ ಬಾಯಾರ," ಎಂದಳು ಕಾಡವ್ವ. ಪದ್ಮವ್ವ ಕೇಳಲಿಲ್ಲ. ಮಕ್ಕಳ ಲಸಿಕೆಯ ಡಬ್ಬಿಗಳನ್ನು ಮೇಲಿಟ್ಟು ಹೋಗೋಣ, ಒಳಗಿನ ಖೋಲಿ ಗಟ್ಟಿ ಇದೆ, ಇಲ್ಲಿಗೆ ನೀರು ಬರುವುದಿಲ್ಲ ಎಂದಳು. ಆ ಖೋಲಿಗೆ ಕಿಟಕಿಯೆಂದರೆ ಕಬ್ಬಿಣದ ಸರಳಿನ ಒಂದು ಗವಾಕ್ಷಿ. ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಕೊನೆಯ ಡಬ್ಬಿ ಇಟ್ಟು ಬಾಗಿಲು ನೂಕಿದರೆ ಅದು ಅಲುಗಲಿಲ್ಲ. ಹೊರಗಿನ ನೀರು ಅದನ್ನು ಎರಡು ಕೈಯಿಂದ ಒತ್ತಿ ಹಿಡಿದಿತ್ತು. ಸಂದುಗಳಿಂದ ಕೆಸರು ನೀರು ಒಳಗೆ ಬಂತು. ಮೊಣಕಾಲಿಗೆ, ಸೊಂಟಕ್ಕೆ. ಇಬ್ಬರೂ ಮೇಜು ಹತ್ತಿದರು. ತೇಲಿದ ಫ್ರಿಜ್ಜು ಹೊರಳಿ ಮೇಜಿಗೆ ಬಡಿದು ಕಾಡವ್ವನ ಕಾಲನ್ನು ಗೋಡೆಗೆ ಒತ್ತಿತು. ಗವಾಕ್ಷಿಯಲ್ಲಿ ಕೂಗಿ ಕೂಗಿ ದನಿ ಹೋಯಿತು. ಜನ ಬಂದು ಹಾರೆಯಿಂದ ಮೇಲಿನ ತಗಡು ಕಿತ್ತು ಎಳೆದುಕೊಳ್ಳುವ ಹೊತ್ತಿಗೆ ನೀರು ಕುತ್ತಿಗೆಗೆ ಬಂದಿತ್ತು.

ಕಾಡವ್ವನ ಕಾಲು ಕೂಡಿಕೊಂಡಿತು, ಆದರೆ ಕುಂಟು ಉಳಿಯಿತು. ಅವಳು ಒಂದು ದಿನವೂ ದೂರಲಿಲ್ಲ. ಅದಕ್ಕೇ ಪದ್ಮವ್ವ ಅವಳ ಮನೆಯ ಕಡೆ ಮುಖ ಹಾಕಿರಲಿಲ್ಲ.

ಆ ಬುಧವಾರ ಹೋದಳು. ಬಸ್ಸಿನಲ್ಲಿ ಎರಡು ಸಲ ಇಳಿದುಬಿಡೋಣ ಎನಿಸಿತು. ಕಾಡವ್ವ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಪದ್ಮವ್ವ ಹಡಗಿನ ವಿಷಯ ಹೇಳಿದಳು, ನಾಲ್ಕು ನಮೂನೆಯ ಕೋಣೆ ಹೇಳಿದಳು, ಯಾವುದನ್ನು ನೆನೆಸಿಕೊಂಡರೂ ಕೈಕಾಲು ತಣ್ಣಗಾಗುತ್ತವೆ ಎಂದಳು. ಕೊನೆಗೆ, "ಅವತ್ತ ನಿನ್ನ ಮಾತ ಕೇಳಬೇಕಾಗಿತ್ತು ಕಾಡವ್ವಾ. ನನ್ನಿಂದಾಗಿ ನಿನ್ನ ಕಾಲ ಹೋತು," ಎಂದಳು.

ಕಾಡವ್ವ ಮೆಣಸಿನಕಾಯಿ ಬುಟ್ಟಿಯನ್ನು ಬದಿಗೆ ಸರಿಸಿದಳು.

"ಹೌದ್ರಿ ಬಾಯಾರ, ಕೇಳಬೇಕಾಗಿತ್ತು," ಎಂದಳು. ಇಲ್ಲ ಬಿಡ್ರಿ ಎನ್ನಲಿಲ್ಲ. ಹಾಗೆಂದದ್ದರಿಂದಲೇ ಪದ್ಮವ್ವನಿಗೆ ಅಲ್ಲಿ ಕೂತಿರಲು ಸಾಧ್ಯವಾಯಿತು. ಕಾಡವ್ವನೇ ಮಾತು ಮುಂದುವರಿಸಿದಳು. "ಕಿಟಕಿ ಗಿಟಕಿ ಬಿಡ್ರಿ. ಬಾಗಲಾ ಒಳಗ ತೆರೀತೈತೋ ಹೊರಗ ತೆರೀತೈತೋ, ಅದನ್ನ ಕೇಳ್ರಿ ಮೊದಲ."

ಗುರುವಾರ ಪದ್ಮವ್ವ ಅದನ್ನೇ ಕೇಳಿದಳು. ಶೀತಲ್ ನಕ್ಕಳು.

"ಒಳಗ ತೆರೀತೈತಿ ಅತ್ತಿ. ದಿನಾ ಮೂವತ್ತ ಬಾಗಲಾ ತೆಗೀತೀನಿ, ನನಗ ಗೊತ್ತಿಲ್ಲೇನ? ನೀ ಬಾಲ್ಕನಿದು ತಗೋ. ಒಂಬತ್ತನೇ ಡೆಕ್ಕು, ಅಂದ್ರ ಒಂಬತ್ತನೇ ಮಾಳಿಗಿ, ಗಾಳಿ ಬೆಳಕ ಎಲ್ಲಾ ಐತಿ."

"ನೀ ಎಲ್ಲಿ ಮಲಗ್ತಿ?"

"ನಾನಾ? ಕೆಳಗ."

"ಕೆಳಗ ಅಂದ್ರ?"

"ಎರಡನೇ ಡೆಕ್ಕು. ಕೆಲಸದವ್ರದೆಲ್ಲಾ ಕೆಳಗ ಇರ್ತೈತಿ." ಶೀತಲ್‌ಳ ದನಿ ಸಣ್ಣಗಾಯಿತು. "ನೀರಿನಕಿಂತ ಕೆಳಗ, ಅತ್ತಿ. ಗ್ವಾಡಿಗೆ ಕಿವಿ ಹಚ್ಚಿದ್ರ ನೀರ ಸರಿಯೂದು ಕೇಳ್ತೈತಿ."

ಪದ್ಮವ್ವ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ತನ್ನ ಕುತ್ತಿಗೆಯವರೆಗೆ ಬಂದಿದ್ದ ಆ ಕೆಸರು ನೀರು ಈಗ ಮಗುವಿನ ತಲೆಯ ಮೇಲೆ ಇದೆ, ವರ್ಷವಿಡೀ ಇದೆ, ತನಗೆ ಗೊತ್ತಿಲ್ಲದೆ ಇದೆ. ಟವೆಲಿನ ಆನೆಗಳನ್ನು ನೋಡಿ ತಾನು ನಕ್ಕದ್ದು ನೆನಪಾಯಿತು.

"ಯಾತ್ರಿಕರಿಗೆ ಕೊಡೂದ್ರಾಗ ಎಲ್ಲಾಕಿಂತ ಕೆಳಗಿಂದು ಯಾವುದು?" ಎಂದು ಕೇಳಿದಳು.

"ಐದನೇದು. ಆದ್ರ ಅಲ್ಲಿ ಖಾಲಿ ಇರೂದು ಒಳಗಿನ ಕ್ಯಾಬಿನ್ ಅಷ್ಟ. ಕಿಟಕಿ ಇಲ್ಲಾ. ಎಲ್ಲಾರೂ ಮ್ಯಾಲ ಮ್ಯಾಲ ಕೇಳ್ತಾರ, ನಿನಗೇನಾಗೇತಿ?"

"ನೀ ನೀರಾಗ, ನಾ ಮ್ಯಾಲ ಗಾಳಿಗೆ. ನನಗ ಹೆಂಗ ನಿದ್ದಿ ಬರ್ತೈತಿ? ಅದನ್ನ ಬರಿ."

ಹೀಗೆ ಪದ್ಮವ್ವ, ಬಚ್ಚಲಿನ ಬಾಗಿಲು ಹಾಕಲಾರದ ಪದ್ಮವ್ವ, ಕಿಟಕಿಯಿಲ್ಲದ ಕೋಣೆ ಆರಿಸಿದಳು.

ಮುಂಬೈಯ ಬಂದರಿನಲ್ಲಿ ಹಡಗನ್ನು ಮೊದಲು ಕಂಡಾಗ ಅದು ಹಡಗೆಂದು ಅವಳಿಗೆ ಹೊಳೆಯಲಿಲ್ಲ. ಬೀದಿಯ ಕೊನೆಗೆ ಯಾರೋ ಹದಿನಾಲ್ಕು ಮಾಳಿಗೆಯ ಬಿಳಿ ಕಟ್ಟಡ ಕಟ್ಟಿದ್ದಾರೆ ಎಂದುಕೊಂಡಳು. ಆಮೇಲೆ ಆ ಕಟ್ಟಡ ಸಣ್ಣಗೆ ಅಲುಗಿತು. ಐದನೇ ಡೆಕ್ಕಿನ ಉದ್ದ ಓಣಿಯಲ್ಲಿ ಎರಡೂ ಬದಿಗೆ ಒಂದೇ ಥರದ ಬಾಗಿಲುಗಳು. ತನ್ನ ಕೋಣೆಯೊಳಗೆ ಹೋಗಿ ಎರಡು ಹೆಜ್ಜೆ ಇಡುವುದರೊಳಗೆ ಬಾಗಿಲು ತನ್ನಷ್ಟಕ್ಕೇ ಬಂದು ಮುಚ್ಚಿಕೊಂಡಿತು. ಅವಳು ಹೌಹಾರಿ ಹಿಡಿಕೆ ಎಳೆದಳು. ತೆರೆಯಿತು. ಬಿಟ್ಟಳು, ಮುಚ್ಚಿತು. ಮತ್ತೆ ಎಳೆದಳು. ಹೀಗೆ ಎಷ್ಟು ಸಲ ಮಾಡಿದಳೋ. ಕೊನೆಗೆ ತನ್ನ ಚೀಲವನ್ನು ಬಾಗಿಲಿಗೆ ಅಡ್ಡವಿಟ್ಟು, ಮಂಚದ ತುದಿಯಲ್ಲಿ ಕೂತು ಬುದ್ಧಂ ಶರಣಂ ಎಂದು ತ್ರಿಶರಣ ಹೇಳಿಕೊಂಡಳು.

ಆಗಲೇ ಹಡಗಿನ ಭೋಂಗಾ ಸೈರನ್ನಿನಂತೆ ಕೂಗಿದ್ದು. ಗಿಡ್ಡಗೆ ಏಳು ಸಲ, ಉದ್ದಕ್ಕೆ ಒಂದು ಸಲ. ನೆಲ, ಗೋಡೆ, ಮಂಚ ಎಲ್ಲವೂ ನಡುಗಿದವು. ಅದಕ್ಕೆ ಮೊದಲು ಇಂಗ್ಲಿಷಿನಲ್ಲಿ ಏನೋ ಹೇಳಿದ್ದರು, ಅವಳಿಗೆ ತಿಳಿದಿರಲಿಲ್ಲ. ಹಡಗು ಹೊರಡುವ ಮುನ್ನ ಎಲ್ಲರಿಗೂ ಮಾಡಿಸುವ ತಾಲೀಮು ಅದು. ಪದ್ಮವ್ವನಿಗೆ ಅದು ತಾಲೀಮಾಗಿ ಕೇಳಲಿಲ್ಲ. ನೀರು ಬಂತು ಎಂದೇ ಕೇಳಿತು.

ಜನ ಮಾತಾಡುತ್ತ, ನಗುತ್ತ ಮೇಲೆ ಹತ್ತುತ್ತಿದ್ದರು. ಅವಳೊಬ್ಬಳು ಕೆಳಗೆ ಓಡಿದಳು. ಮೆಟ್ಟಿಲ ಮೇಲೆ ಚಪ್ಪಲಿ ಕಳಚಿ ಬಿತ್ತು. ನಾಲ್ಕನೇ ಡೆಕ್ಕಿಗೆ ಇಳಿದಳು. ಅಲ್ಲಿ ಕೆಲಸದವರಿಗೆ ಮಾತ್ರ ಎಂಬ ಕಬ್ಬಿಣದ ಬಾಗಿಲು. ಎರಡೂ ಅಂಗೈಯಿಂದ ಅದನ್ನು ಬಡಿದಳು. "ಶೀತೂ! ಹೊರಗ ಬಾ! ಶೀತೂ!"

"ಅತ್ತಿ!"

ದನಿ ಬಂದದ್ದು ಹಿಂದಿನಿಂದ. ಕಿತ್ತಳೆ ಬಣ್ಣದ ಜಾಕೀಟು ತೊಟ್ಟ ಶೀತಲ್, ಕೈಯಲ್ಲಿ ಹಸಿರು ಫಲಕ ಹಿಡಿದು ಜನರಿಗೆ ದಾರಿ ತೋರಿಸುತ್ತ ಮೆಟ್ಟಿಲ ಮೇಲೆಯೇ ನಿಂತಿದ್ದಳು. ಪದ್ಮವ್ವ ಅವಳನ್ನು ದಾಟಿಕೊಂಡೇ ಕೆಳಗೆ ಬಂದಿದ್ದಳು. ಗುರುತೇ ಸಿಕ್ಕಿರಲಿಲ್ಲ.

"ನಾ ಇಲ್ಲೆ ಅದೀನಿ. ಇದು ಬರೇ ತಾಲೀಮು, ಖರೇದ್ದಲ್ಲ. ಅತ್ತಿ, ನನ್ನ ಮಾರಿ ನೋಡು. ಈಗ ಮ್ಯಾಲ ನಡಿ. ನಡಿ ಅಂದ್ನೆಲಾ!"

ಹೆರಿಗೆ ಕೋಣೆಯಲ್ಲಿ ತಾನು ಮಾತಾಡುತ್ತಿದ್ದದ್ದು ಇದೇ ದನಿಯಲ್ಲಿ. ಪದ್ಮವ್ವ ಒಂದು ಕಾಲಲ್ಲಿ ಚಪ್ಪಲಿಯಿಲ್ಲದೆ, ಏನೂ ಎದುರಾಡದೆ ಮೇಲೆ ಹತ್ತಿದಳು.

ಸಂಜೆ ಶೀತಲ್‌ಗೆ ಅರ್ಧ ಗಂಟೆ ಬಿಡುವು ಸಿಕ್ಕಿತು. ಮೇಲಿನ ಡೆಕ್ಕಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಸಮುದ್ರದ ಕಡೆ ಬೆನ್ನು ಮಾಡಿ ಕೂತ ಪದ್ಮವ್ವ ಆ ಆಗಸ್ಟಿನ ದಿನವನ್ನು ಮೊದಲಿನಿಂದ ಹೇಳಿದಳು. ಬಾಗಿಲು, ಮೇಜು, ಫ್ರಿಜ್ಜು, ಕಾಡವ್ವ ಬೇಡವೆಂದದ್ದು, ತಾನು ಕೇಳದೆ ಇದ್ದದ್ದು. ಆರು ವರ್ಷದಲ್ಲಿ ಸ್ವಂತ ತಮ್ಮನ ಎದುರೂ ಆಡಿರದ ಮಾತು.

ಆಮೇಲೆ ಶೀತಲ್ ತನ್ನದನ್ನೂ ಹೇಳಿಕೊಂಡಳು. ಜೊತೆಗಿದ್ದ ಹುಡುಗಿ ಕಾಯಿಲೆಯಾಗಿ ಊರಿಗೆ ಹೋಗಿ ಎರಡು ತಿಂಗಳಾಗಿತ್ತು. ಅಂದಿನಿಂದ ಕೆಳಗಿನ ಆ ಕೋಣೆಯಲ್ಲಿ ಅವಳೊಬ್ಬಳೇ. ಗೋಡೆಯಾಚೆಯ ನೀರು ಕೇಳಿಸಿ ನಿದ್ದೆ ಬರುತ್ತಿರಲಿಲ್ಲ. ಬಟ್ಟೆ ಇಡುವ ಕಪಾಟಿನ ಕೋಣೆಯಲ್ಲಿ ಕೂತೇ ತೂಕಡಿಸಿ ಕೆಲಸಕ್ಕೆ ಹೋಗುತ್ತಿದ್ದಳು. ಹೇಳಿದರೆ ಕೆಲಸ ಹೋದೀತು, ಅಪ್ಪ ಊರಿಗೆ ಕರೆದಾನು ಎಂದು ಯಾರಿಗೂ ಹೇಳಿರಲಿಲ್ಲ.

"ಇರಲೋ ಬರಲೋ, ನೀನ ಹೇಳ ಅತ್ತಿ."

ಬಾ ಎಂಬ ಮಾತು ಪದ್ಮವ್ವನ ತುಟಿಯವರೆಗೆ ಬಂತು. ಅದರ ಬೆನ್ನಿಗೇ ಹೆದರಿಕೆಯೂ ಬಂತು. ಇರು ಎಂದು ಒಮ್ಮೆ ಹೇಳಿ ಒಬ್ಬಳ ಕಾಲು ಕಳೆದಿದ್ದಳು. ಬಾ ಎಂದು ಹೇಳಿ ಇನ್ನೊಬ್ಬಳ ಏನನ್ನು ಕಳೆಯುವೆನೋ?

"ನಾ ಹೇಳೂದಿಲ್ಲವ್ವಾ. ನನ್ನ ಅಂಜಿಕಿ ಕೇಳಿ ನೀ ನಡೀಬ್ಯಾಡ. ಆದ್ರ ನಿನ್ನ ಅಂಜಿಕಿ ಮುಚ್ಚಿಟ್ಕೋಬ್ಯಾಡ. ನಿನ್ನ ಮ್ಯಾಲಿನವ್ರಿಗೆ ನಾಳೆ ಹೇಳ. ಏನಂತಾರ ನೋಡೂನು. ಐದ ದಿನ ನಾ ಇಲ್ಲೇ ಅದೀನಿ."

ಮೇಲ್ವಿಚಾರಕಿ ಗೋವೆಯ ಹೆಂಗಸು. ಬೈಯಲಿಲ್ಲ, ಮರುಗಲೂ ಇಲ್ಲ. ಪಟ್ಟಿ ನೋಡಿ, ಮೂರನೇ ಡೆಕ್ಕಿನಲ್ಲಿ ಮಣಿಪುರದ ಹುಡುಗಿಯೊಬ್ಬಳ ಜೊತೆ ಜಾಗ ಮಾಡಿಕೊಟ್ಟಳು. ಅಲ್ಲೊಂದು ದುಂಡನೆಯ ಗಾಜಿನ ಕಿಟಕಿ ಇತ್ತಂತೆ. ಶೀತಲ್ ತನ್ನ ಕರಾರಿನ ಉಳಿದ ಹತ್ತು ವಾರ ಮುಗಿಸುತ್ತೇನೆ, ಆಮೇಲೆ ನೋಡುತ್ತೇನೆ ಎಂದಳು. ಪದ್ಮವ್ವ ಐದೂ ದಿನ ಬಾಗಿಲಿಗೆ ಚೀಲ ಅಡ್ಡವಿಟ್ಟೇ ಮಲಗಿದಳು. ಭಯವೇನೂ ಹೋಗಲಿಲ್ಲ. ಕೊಚ್ಚಿಯ ಹತ್ತಿರ ಅಲೆ ಎದ್ದಾಗ ಮಂಚದ ಕಾಲು ಹಿಡಿದುಕೊಂಡು ಕೂತಿದ್ದಳು.

ಆ ಹತ್ತು ವಾರ ಗೋಕಾಕದಲ್ಲಿ ಅವಳು ಫೋನಿನಲ್ಲಿ ಸಮುದ್ರದ ಗಾಳಿ ಮಳೆಯ ಸುದ್ದಿ ನೋಡುತ್ತ ಕಳೆದಳು. ಶೀತಲ್‌ಳ ಫೋನ್ ಹತ್ತು ನಿಮಿಷ ತಡವಾದರೆ ಊಟ ಇಳಿಯುತ್ತಿರಲಿಲ್ಲ. ಜನವರಿಯಲ್ಲಿ ಹಡಗು ಮತ್ತೆ ಮುಂಬೈಗೆ ಬಂತು. ಪದ್ಮವ್ವ ಬೆಳಗಿನಿಂದಲೇ ಗೇಟಿನ ಹತ್ತಿರ ನಿಂತಿದ್ದಳು. ದೊಡ್ಡ ಚೀಲ ಎಳೆದುಕೊಂಡು ಬಂದ ಶೀತಲ್ ಸೊರಗಿದ್ದಳು, ಆದರೆ ಕಣ್ಣಿನ ಕೆಳಗಿನ ಕಪ್ಪು ಇಳಿದಿತ್ತು. ಮತ್ತೆ ಹೋಗುತ್ತೀಯಾ ಎಂದು ಪದ್ಮವ್ವ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮರುದಿನ ಹಗಲು ರೈಲಿಗೆ ಹತ್ತಿದರು. ಕಲ್ಯಾಣ ದಾಟುವುದರೊಳಗೆ ಹುಡುಗಿ ಅತ್ತಿಯ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು. ಚಹಾ ಬಂತು, ವಡಾಪಾವ್ ಬಂತು, ಎದುರಿನ ಸೀಟಿನ ಮಗು ಅತ್ತು ಸುಮ್ಮನಾಯಿತು. ಭುಜ ಜೋಮು ಹಿಡಿದಿತ್ತು. ಮಿರಜದವರೆಗೂ ಪದ್ಮವ್ವ ಅಲುಗಾಡಲಿಲ್ಲ.