ಅರ್ಜಿಯ ಮೊದಲ ಸಾಲು

ಗೆಳೆಯರೇ, ಇವತ್ತು ಹುಮನಾಬಾದಿನಲ್ಲಿ ನಮ್ಮ ಓಣಿಗೆ ಬೀದಿದೀಪ ಕೇಳಿ ಅರ್ಜಿ ಬರೆಯಲು ಕುಳಿತೆ. "ಮಾನ್ಯರೇ" ಎಂದು ಬರೆದದ್ದೇ ತಡ, ಜಗಳ.

"ಮೊದಲ ಶರಣು ಶರಣಾರ್ಥಿ ಬರೀರಿ," ಎಂದರು ಪಕ್ಕದ ಮನೆಯ ಗುರಮ್ಮ.

"ಮತ್ತ ನಮ್ಮ ಜೈ ಭೀಮ್ ಯಾಕ ಬಿಟ್ರಿ?" ಎಂದಳು ಹಿಂದಿನ ಮನೆಯ ಶಾಂತಾ.

"ನಮ್ಮ ಸಲಾಮ್ ಎಲ್ಲಿ ಹೋಯ್ತ್ರಿ?" ಎಂದರು ಎದುರುಮನೆಯ ಶಾಹೀನಾಬಿ.

ಸಾಕಾಗಿ ಮೂರನ್ನೂ ಬರೆದೆ. ನಾಲ್ವರೂ ಪುರಸಭೆಗೆ ಹೋಗಿ, ನಗುತ್ತಾರೇನೋ ಎಂದು ಅಂಜುತ್ತಲೇ ಅಧಿಕಾರಿಯ ಕೈಗೆ ಕೊಟ್ಟೆವು. ಓದುತ್ತ ಓದುತ್ತ ಅವರು ಕುರ್ಚಿಯಿಂದ ಎದ್ದು ನಿಂತರು! "ಇದು ಯಾರದ್ರಿ?" ಎಂದು ಒಂದೊಂದಕ್ಕೂ ಕೇಳಿ, ಅವರತ್ತ ತಿರುಗಿ, ಅದೇ ಮಾತು ಹೇಳಿ ವಂದಿಸಿದರು. ಕಚೇರಿಯಲ್ಲಿ ನಮಗಾಗಿ ಯಾರಾದರೂ ಎದ್ದದ್ದನ್ನು ನಾನಂತೂ ಕಂಡಿರಲಿಲ್ಲ. ಹಿಗ್ಗುತ್ತಲೇ ಓಣಿಗೆ ಮರಳಿದೆವು.

ದೀಪ ಯಾವಾಗ ಹಾಕಿಸುತ್ತೀರಿ ಎಂದು ಕೇಳುವುದನ್ನೇ ಮರೆತದ್ದು ನೆನಪಾದದ್ದು, ಸಂಜೆ ಕತ್ತಲ ಓಣಿಯಲ್ಲಿ ಎಡವಿದಾಗ.